ನೋಡದ ಮನೆಗೆ ಮುಂಗಡ

ಇದು ನಡೆದ ಕಥೆ. ನಂಬಿಕೆ ಬಾರದವರು ಆ ವೆಲ್ಡರನನ್ನೇ ಕೇಳಿ. ಉಪ್ಪು ಖಾರ ಹಚ್ಚಿ ಅವನೇ ಹೇಳುತ್ತಾನೆ.

ಪರದೇಶದ ದೊಡ್ಡ ನಗರಕ್ಕೆ ಬಂದು ಅವನಿಗೆ ಮೂರು ವಾರವಾಗಿತ್ತು. ಬಿಡಾರ ಹೆಂಡತಿಯ ಅಕ್ಕನ ಮನೆಯ ಸೋಫಾ ಮೇಲೆ. ಬೆಳಕು ಹರಿಯುವ ಮುಂಚೆ ಹಡಗು ರಿಪೇರಿಯ ಕೆಲಸಕ್ಕೆ ಹೊರಟರೆ ದೀಪ ಹಚ್ಚಿದ ಮೇಲೆಯೇ ವಾಪಸು. ರಜೆಯ ದಿನವೆಲ್ಲ ಮನೆ ಹುಡುಕಾಟ. ಮುಂದಿನ ತಿಂಗಳು ಹೆಂಡತಿ, ಮಗಳು ಬರುವವರಿದ್ದರು. ಅಷ್ಟರೊಳಗೆ ಒಂದು ಬಾಡಿಗೆ ಮನೆ ಆಗಲೇಬೇಕು.

ಕೊನೆಗೆ ಮೊಬೈಲಿನಲ್ಲೊಂದು ಸಿಕ್ಕಿತು. ಫೋಟೋದಲ್ಲಿ ಅರಮನೆ, ಬಾಡಿಗೆಯಲ್ಲಿ ಗುಡಿಸಲು. ಮಾಲೀಕ ಬೇರೆ ದೇಶದಲ್ಲಿದ್ದಾನಂತೆ, ತಡಮಾಡದೆ ಮುಂಗಡ ಕಳಿಸಿದರೆ ಬೀಗದಕೈ ಅಂಚೆಯಲ್ಲಿ ಬರುತ್ತದಂತೆ. ಇವನು ಕೂಡಿಟ್ಟದ್ದೆಲ್ಲ ಅದಕ್ಕೇ ಸರಿಹೋಗುತ್ತಿತ್ತು.

“ಮನೆ ನೋಡಿದ್ರಾ?” ಎಂದಳು ಅತ್ತಿಗೆ. ಆಕೆ ಆಸ್ಪತ್ರೆಯಲ್ಲಿ ನರ್ಸು.

“ನೋಡಿದೆನಲ್ಲ ಅತ್ತಿಗೆ, ಹನ್ನೆರಡು ಫೋಟೋ. ನಂದು ವೆಲ್ಡರ್ ಕಣ್ಣು. ಕೂದಲೆಳೆ ಬಿರುಕೂ ತಪ್ಪಿಸ್ಕೊಳ್ಳಲ್ಲ.”

ಅತ್ತಿಗೆ ಎಷ್ಟು ಹೇಳಿದರೂ ಕಿವಿಗೆ ಹೋಗಲಿಲ್ಲ. ನಾಳೆ ಸಂಜೆಯವರೆಗಾದರೂ ತಡೆಯಿರಿ ಎಂದು ಮಾತು ತೆಗೆದುಕೊಂಡಳು.

ಮರುದಿನ ಊಟದ ಬಿಡುವಿನಲ್ಲಿ ಹೊಸ ನಂಬರಿನಿಂದ ಫೋನು. ಪದಕ್ಕೊಂದು ಕೆಮ್ಮು ಕೆಮ್ಮುವ ಯಾರೋ ಹಿರಿಯರು, ಅದೂ ನಮ್ಮ ಭಾಷೆಯವರೇ. ಮನೆ ಖಾಲಿಯಿದೆ ಎಂದು ನಾಲ್ಕು ಫೋಟೋ ಕಳಿಸಿದರು. ಬಿಸಿಲು ತುಂಬಿದ ಅಡುಗೆಮನೆ, ಅಗಲ ಕಿಟಕಿ. ಇವನಿಗೆ ನಿನ್ನೆಯ ಅರಮನೆ ಮರೆತೇ ಹೋಯಿತು.

“ಯಜಮಾನರೇ, ಇಂಥ ಅಡುಗೆಮನೆ ನನ್ನ ಜನ್ಮದಲ್ಲೇ ನೋಡಿಲ್ಲ. ಮುಂಗಡ ಎಲ್ಲಿಗೆ ಕಳಿಸ್ಲಿ?”

ಕೆಮ್ಮು ನಿಂತು ಹೆಣ್ಣುದನಿ ಬಂತು. “ಮೂರು ವಾರದಿಂದ ಅಲ್ಲೇ ಉಣ್ತಿದೀರಲ್ಲ. ಬರ್ತಾ ಹಾಲು ತನ್ನಿ.”

ಅತ್ತಿಗೆಗೆ ಅಂದು ರಜೆ. ಸಾಮಾನು ಸರಿಸಿ, ಬಿಸಿಲೇರಿದ ಮೇಲೆ ಫೋಟೋ ಹೊಡೆದಿದ್ದಳು. ಪಕ್ಕದ ಮನೆಯವರ ಫೋನಿನಿಂದ ಮಾತಾಡಿದವಳೂ ಅವಳೇ, ಕೆಮ್ಮು ಮಾತ್ರ ಅವಳ ಆಸ್ಪತ್ರೆಯ ಹಿರಿಯ ಡಾಕ್ಟರರ ಅಣಕ.

ಸಂಜೆ ಅವನು ಮುಖ ಊದಿಸಿಕೊಂಡೇ ಬಂದ. ಅತ್ತಿಗೆ ಬಿಡಲಿಲ್ಲ, ಜಾಹೀರಾತಿನಲ್ಲಿದ್ದ ವಿಳಾಸಕ್ಕೆ ಕರೆದುಕೊಂಡು ಹೋದಳು. ಬಾಗಿಲು ತೆರೆದದ್ದು ಒಬ್ಬ ಅಜ್ಜಿ. ಇಪ್ಪತ್ತು ವರ್ಷದಿಂದ ಅದು ಆಕೆಯದೇ ಮನೆ. ಅದೇ ಫೋಟೋ ಹಿಡಿದು ಆ ವಾರ ಬಂದವರಲ್ಲಿ ಇವನು ಐದನೆಯವನು. ಮೊದಲ ನಾಲ್ವರೂ ದುಡ್ಡು ಕಳಿಸಿ ಆಗಿತ್ತು.

ಬೀದಿಗೆ ಬಂದವನೇ, “ವೆಲ್ಡರ್ ಕಣ್ಣಂತೆ, ನನ್ನ ತಲೆ,” ಎಂದು ನಗತೊಡಗಿದ. ಅತ್ತಿಗೆಯ ನಗು ಮುಗಿದರೂ ಅವನದು ಮುಗಿಯಲಿಲ್ಲ. ಕಣ್ಣೊರೆಸಿಕೊಂಡು, “ನನ್ನ ಮಗಳು ಬೀದಿಗೆ ಬೀಳದ ಹಾಗೆ ಮಾಡಿದ್ರಿ ಅತ್ತಿಗೆ,” ಎಂದ. ಇಬ್ಬರೂ ಅಲ್ಲಿಂದಲೇ ಪೊಲೀಸರ ಬಳಿ ಹೋಗಿ ದೂರು ಕೊಟ್ಟರು.

ಎರಡು ವಾರದಲ್ಲಿ ಚಿಕ್ಕದೊಂದು ಮನೆ ಸಿಕ್ಕಿತು. ಈ ಸಲ ಅವನು ನಲ್ಲಿ ತಿರುಗಿಸಿ ನೋಡಿದ, ಪಕ್ಕದ ಮನೆಯವರನ್ನು ವಿಚಾರಿಸಿದ, ಮಾಲೀಕಳ ಕಾಗದಪತ್ರ ಕೇಳಿದ. ಕರಾರನ್ನು ಭಾಷೆ ಬಲ್ಲವರಿಂದ ಓದಿಸಿದ ಮೇಲೆಯೇ ಸಹಿ. ರಸೀದಿ ಕೈಗೆ ಬಂದ ಮೇಲೆಯೇ ಜೇಬಿನಿಂದ ದುಡ್ಡು ತೆಗೆದದ್ದು. ಗೋಡೆಯ ಹಳೆಯ ಕಲೆಗಳ ಫೋಟೋವನ್ನೂ ಮೊದಲೇ ತೆಗೆದಿಟ್ಟುಕೊಂಡ.

ಹೊಸ ಊರಲ್ಲಿ ಮೊದಲ ಮನೆ ಹುಡುಕುತ್ತಿರುವವರೇ, ಎಲ್ಲರಿಗೂ ಇಂಥ ಅತ್ತಿಗೆ ಸಿಗುವುದಿಲ್ಲ. ಅವಸರ ಮಾಡಿಸುವವರನ್ನು ಕಂಡರೆ ನಿಧಾನಿಸಿ, ತಿಳಿದವರನ್ನು ಕೇಳಲು ನಾಚಬೇಡಿ. ಆ ಮನೆಯ ಹೊಸ್ತಿಲನ್ನು ನಿಮ್ಮ ಕಾಲು ದಾಟುವ ಮೊದಲು ನಿಮ್ಮ ದುಡ್ಡು ದಾಟದಿರಲಿ.