ಸಾರಂಗದ ತಲೆ

ನಾಟಕ ಮಂಡಳಿಯ ಅಧ್ಯಕ್ಷ ಫಾನ್ ಕಾದಂಬರಿಯನ್ನು ಓದಿರಲಿಲ್ಲ. ಅದು ಗೊತ್ತಾಗಲು ನಾಟಕಕಾರ್ತಿ ಥೊಂಗ್ ಯಾಚಿನ್‌ಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಚಕ್ರವರ್ತಿಯ ಶಿಕಾರಿಯ ಮಾತು ಬಂದಾಗಲೆಲ್ಲ ಆತ ಮುಖಪುಟದ ಬಿಳಿ ಕುದುರೆಯನ್ನು ಬಾಯಿ ತುಂಬ ಹೊಗಳುತ್ತಿದ್ದ. ಪುಸ್ತಕದೊಳಗೆ ಬಿಳಿ ಕುದುರೆಯೇ ಇರಲಿಲ್ಲ.

ಚೀನಾದ ಚೆಂಗ್ಡೆ ಊರಿನ ಆ ಮಂಡಳಿಗೆ ಕಾದಂಬರಿಯನ್ನು ನಾಟಕ ಮಾಡಿಕೊಡಲು ಯಾಚಿನ್ ಒಪ್ಪಿದ್ದು ಒಂದೇ ಒಂದು ದೃಶ್ಯಕ್ಕಾಗಿ. ಸಾರಂಗದ ತೊಗಲು ಹೊದ್ದು, ಅದರ ತಲೆ ತೊಟ್ಟು, ಮರದ ಪೀಪಿ ಊದಿ ಮಿಗವನ್ನು ಕರೆಯುವ ಸೇವಕನಿಗೇ ಚಕ್ರವರ್ತಿಯ ಬಾಣ ತಗಲುತ್ತದೆ. "ಎಂಥಾ ಗುರಿ!" ಎಂದು ಆಸ್ಥಾನ ಮಂಡಿಯೂರುತ್ತದೆ. ಬಿದ್ದದ್ದು ಮನುಷ್ಯ ಎಂದು ಹೇಳುವ ಎದೆ ಒಬ್ಬನಿಗೂ ಇಲ್ಲ. ಕುತ್ತಿಗೆಗೆ ಬಿಗಿದ ಆ ತಲೆಯನ್ನು ಯಾರಾದರೂ ಕಳಚಿದ್ದರೆ ಅವನು ಬದುಕುತ್ತಿದ್ದ. ಕಳಚುವವರಿಲ್ಲದೆ ಉಸಿರು ಕಟ್ಟಿ ಸಾಯುತ್ತಾನೆ. ಯಾಚಿನ್‌ಳ ಮುತ್ತಜ್ಜಂದಿರೂ ಚೆಂಗ್ಡೆ ಸುತ್ತಿನ ಕಾಡುಗಳಲ್ಲಿ ಹೀಗೇ ಪೀಪಿ ಊದಿ ಹೊಟ್ಟೆ ಹೊರೆದವರು.

"ಇದೇನ್ರೀ ಮೇಡಂ, ಚಕ್ರವರ್ತಿಗೆ ಕಣ್ಣು ಕಾಣ್ಸಲ್ವಾ? ಪ್ರವಾಸಿಗರು ದುಡ್ಡು ಕೊಟ್ಟು ಬರೋದು ಇದನ್ನ ನೋಡೋಕಾ?" ಎಂದ ಫಾನ್. "ಬಾಣ ಸಾರಂಗಕ್ಕೇ ತಗ್ಲಲಿ. ಎಲ್ಲಾರೂ ಚಪ್ಪಾಳೆ ತಟ್ಲಿ. ಮುಗೀತು."

"ಅಷ್ಟಕ್ಕೆ ನಾಟಕ ಯಾಕೆ ಸರ್? ಮಾಂಸದಂಗಡಿ ಮುಂದೆ ಕುರ್ಚಿ ಹಾಕ್ಸಿ."

"ನಿಮ್ಗಾಗ್ದಿದ್ರೆ ಹೇಳ್ಬಿಡಿ. ಬರೆಯೋರಿಗೇನು ಬರ ಇಲ್ಲ."

ಯಾಚಿನ್ ಆ ದೃಶ್ಯವನ್ನು ಕಿತ್ತುಹಾಕಿದಳು. ಫಾನ್‌ನನ್ನು ಎಷ್ಟು ಬೈದುಕೊಂಡಳೋ ತನ್ನನ್ನು ಅದಕ್ಕಿಂತ ಹೆಚ್ಚು ಬೈದುಕೊಂಡಳು. ಸೇವಕನ ಪಾತ್ರ ಮಾಡಬೇಕಿದ್ದ ಹಿರಿಯ ನಟ ಸುವೊ ಈಗ ಅದೇ ತೊಗಲು ಹೊದ್ದು, ಅದೇ ತಲೆ ತೊಟ್ಟು ಬರೀ ಸಾರಂಗವಾದ.

"ಬೇಜಾರ್ ಮಾಡ್ಕೋಬೇಡ ಮಗಾ. ಮಾತು ಬಾಯಿಪಾಠ ಮಾಡೋ ಕಾಟ ತಪ್ತು," ಎಂದು ಅವನೇ ಅವಳನ್ನು ಸಮಾಧಾನ ಮಾಡಿದ.

"ಸುಮ್ನಿರಿ ಚಿಕ್ಕಪ್ಪ, ನಂಗೆ ನಗು ಬರ್ತಿಲ್ಲ."

ಚಕ್ರವರ್ತಿಯ ಪಾತ್ರದ ಲೂ ಖಾಯ್‌ನದು ಇನ್ನೊಂದು ರಗಳೆ. ಬರಿಗೈಯಲ್ಲಿ ಬಾಣ ಬಿಟ್ಟಂತೆ ನಟಿಸುವುದು ಹಳೆಯ ಕಾಲದವರ ಕೆಲಸವಂತೆ. ತನಗೆ ನಿಜವಾದ ಬಿಲ್ಲೇ ಬೇಕಂತೆ. ಫಾನ್ ತಕ್ಷಣ ತರಿಸಿಕೊಟ್ಟ. ತುದಿಗೆ ಬಟ್ಟೆ ಸುತ್ತಿದ ಬಾಣ ಪಕ್ಕದ ಪರದೆಯೊಳಗೆ ಹೋಗಿ ಬೀಳಬೇಕು, ಸುವೊ ತಾನಾಗಿ ಉರುಳಬೇಕು ಎಂದು ತೀರ್ಮಾನವಾಯಿತು.

ಮೊದಲ ಪ್ರದರ್ಶನದ ಕೊನೆಯಲ್ಲಿ ಲೂ ಖಾಯ್ ಬಿಲ್ಲು ಎಳೆದ. ಎಳೆದವನು ಗುರಿ ನೋಡಬೇಕಿತ್ತು. ಮುಂದಿನ ಸಾಲಿನ ದೊಡ್ಡ ಮನುಷ್ಯರ ಕಡೆ ತಿರುಗಿ ಹಲ್ಲು ಬಿಟ್ಟ. ಬಾಣ ಸುವೊನ ಕುತ್ತಿಗೆಗೆ ಬಡಿಯಿತು. ಮುದುಕ ಹಲಗೆಯಲ್ಲಿ ಮಾಡಿದ್ದ ಬಂಡೆಯ ಮೇಲಿಂದ ಧೊಪ್ಪೆಂದು ಕೆಳಗೆ ಬಿದ್ದ.

ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಾಡಿಕೆಯಂತೆ ಫಾನ್ ಅತಿಥಿಗಳನ್ನು ಕರೆದುಕೊಂಡು ನಟರ ಕೈ ಕುಲುಕಲು ರಂಗದ ಮೇಲೆ ಬಂದ. ಫೋಟೊಗೆ ಎಲ್ಲರೂ ಸಾಲಾಗಿ ನಿಂತರು, ಸಾರಂಗವನ್ನು ಕಾಲ ಬಳಿ ಬಿಟ್ಟುಕೊಂಡು.

"ಎಂಥಾ ಗುರಿ!" ಎಂದು ಫಾನ್ ಲೂ ಖಾಯ್‌ನ ಬೆನ್ನು ತಟ್ಟಿದ.

ತೊಗಲಿನಡಿಯಿಂದ ಹೊರಬಂದ ಒಂದು ಕೈ ನೆಲ ಕೆರೆಯುತ್ತಿತ್ತು. ನಟರೆಲ್ಲ ಅದನ್ನು ಕಂಡರು. ಕಂಡು, ಫಾನ್‌ನ ಮುಖ ನೋಡಿ, ಕ್ಯಾಮೆರಾ ಕಡೆ ನಕ್ಕರು. ಪರದೆಯ ಪಕ್ಕದಲ್ಲಿದ್ದ ಯಾಚಿನ್ ಯಾರಾದರೂ ಬಗ್ಗಿಯಾರು ಎಂದು ಕಾದಳು. ಕಾಯುತ್ತ ನಿಂತ ತಾನೂ ಅದೇ ಆಸ್ಥಾನದವಳು ಎಂಬುದು ಹೊಳೆದಾಗ ಅವಳಿಗೆ ಹೇಸಿಗೆಯಾಯಿತು.

ರಂಗಕ್ಕೆ ನುಗ್ಗಿ ಇಬ್ಬರು ಅತಿಥಿಗಳನ್ನು ಅತ್ತಿತ್ತ ತಳ್ಳಿ, ಕತ್ತು ಬಿಗಿದಿದ್ದ ಪಟ್ಟಿ ಬಿಚ್ಚಿ ತಲೆ ಕಳಚಿದಳು. ಸುವೊನ ಮುಖ ನೀಲಿಗಟ್ಟಿತ್ತು.

"ಇದು ಸಾರಂಗ ಅಲ್ರೋ, ಮನುಷ್ಯ! ಡಾಕ್ಟ್ರನ್ನ ಕರೀರಿ!" ಎಂದು ಕಿರುಚಿದಳು.

ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು. ಸುವೊ ಕೆಮ್ಮಿ, ಉಸಿರೆಳೆದುಕೊಂಡು, "ಕೊನೆಗೂ ಆ ಸೀನು ಹಾಕ್ಬಿಟ್ಯಲ್ಲ ಮಗಾ," ಎಂದ.

ಫಾನ್ ಸಭೆಯ ಕಡೆ ನೋಡಿದ, ಅತಿಥಿಗಳ ಕಡೆ ನೋಡಿದ, ಅವರೂ ತಲೆದೂಗುತ್ತಿದ್ದರು. ಬಗ್ಗಿ ಯಾಚಿನ್‌ಳ ಕಿವಿಯಲ್ಲಿ, "ಭೇಷ್! ನಾಳೆಯಿಂದ ಹೀಗೇ ಮುಗೀಲಿ," ಎಂದ.

ಅವಳು ಆ ತಲೆಯನ್ನು ಎತ್ತಿ ಅವನ ಎದೆಗೆ ಒತ್ತಿದಳು.

"ಆಗ್ಲಿ ಸರ್. ನಾಳೆ ಇದನ್ನ ನೀವು ಹಾಕ್ಕೊಳ್ಳಿ."