ಮಡಿಸಿದ ಬೆರಳು

ಹದಿನಾರು ಗ್ರಾಮದ ಕೆರೆ ಕಾಯುವ ಜವರಯ್ಯನವರು ಹಕ್ಕಿಗೆ ಎಂದೂ ಬೆರಳು ತೋರಿಸಿದವರಲ್ಲ. ಬಳ್ಳಿಯ ಎಳೆಗಾಯಿಗೆ ನೆಟ್ಟಗೆ ಬೆರಳು ತೋರಿಸಿದರೆ ಅದು ಕೊಳೆತು ಉದುರುತ್ತದೆಂದು ಅವರ ಅವ್ವ ಹೇಳಿಕೊಟ್ಟಿದ್ದಳು. ಕುಂಬಳದ ಹೀಚಿಗೆ ಸಲ್ಲುವ ಆ ಮರ್ಯಾದೆಯನ್ನು ಅವರು ಹಿಮಾಲಯದಾಚೆಯಿಂದ ಬರುವ ಅತಿಥಿಗಳಿಗೂ ವಿಸ್ತರಿಸಿಬಿಟ್ಟಿದ್ದರು. ತೋರುಬೆರಳನ್ನು ಮಡಿಸಿ, ಗೆಣ್ಣಿನಿಂದ ಅವರು ತೋರಿಸಿದ ಕಡೆ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಮೈಸೂರಿನಿಂದ ಬಂದ ನಮ್ಮಂಥವರಿಗೆ ಬೆವರಿಳಿಯುತ್ತಿತ್ತು.

"ನೆಟ್ಟಗೆ ತೋರಿಸಿ ತಾತ" ಎಂದರೆ, "ದೂರದಿಂದ ಬಂದವೆ ಸಾ, ದಿಷ್ಟಿ ಆಯ್ತದೆ" ಎನ್ನುತ್ತಿದ್ದರು.

ಮಾರ್ಚ್ ತಿಂಗಳ ಬಿಸಿಲಿನಲ್ಲೂ ಮೊಣಕೈ ಹರಿದ ಖಾಕಿ ಕೋಟು ಅವರ ಮೈಬಿಟ್ಟು ಇಳಿಯದು. ಬಾತುಗಳಿಗೆ ಆ ಕೋಟಿನ ಗುರುತಿದೆ, ಬೇರೆ ಅಂಗಿ ಕಂಡರೆ ಗಾಬರಿಬೀಳುತ್ತವೆ ಎಂಬುದು ಅವರ ವಾದ. ಏರಿಯ ಮೇಲೆ ನಡೆಯುವಾಗಲೂ ನೀರಿಗೆ ಮುಖಕೊಡದೆ, ಏಡಿಯ ಹಾಗೆ ಅಡ್ಡಡ್ಡ ಹೋಗುತ್ತಿದ್ದರು. ಊರವರು ಬಾಯಿಗೆ ಬಟ್ಟೆ ಹಿಡಿದು ನಗುತ್ತಿದ್ದರು. ನಕ್ಕವರಲ್ಲಿ ನಾನೂ ಒಬ್ಬ.

ಕಳೆದ ಚಳಿಗಾಲದಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಲಿಯಿತು. ಮಗಳು ಶಿವನಂಜಮ್ಮ ನಂಜನಗೂಡಿನ ಕಣ್ಣಿನ ಶಿಬಿರದಲ್ಲಿ ಆಪರೇಷನ್ನಿಗೆ ಹೆಸರು ಬರೆಸಿ ಬಂದಳು. ದಿನ ಗೊತ್ತಾದದ್ದು ಮಾರ್ಚ್ ನಡುವಿಗೆ. ಪಟ್ಟೆತಲೆಯ ಹೆಬ್ಬಾತುಗಳು ಕೆರೆ ಬಿಡುವುದೂ ಆಗಲೇ.

"ಬಾತು ಓಗ್ಲಿ, ಆಮೇಕೆ ಕಣ್ಣು" ಎಂದು ಮುದುಕರು ಹಟ ಹಿಡಿದರು.

"ಕಣ್ಣೇ ಓಯ್ತದೆ ಕಣಪ್ಪ! ಇನ್ನೊಂದು ಕ್ಯಾಂಪು ಯಾವಾಗ್ಲೋ ಏನೋ" ಎಂದು ಮಗಳು ಅತ್ತಳು.

ಇಪ್ಪತ್ತೆರಡು ವರ್ಷ ಒಮ್ಮೆಯೂ ತಪ್ಪಿಸದೆ ಆ ಬಾತುಗಳನ್ನು ಕಳಿಸಿಕೊಟ್ಟವರು ಅವರು. ನೆಂಟರು ಹೊರಟಾಗ ಹೊಸಿಲಿಗೂ ಬಾರದ ಮನೆಯವನಾಗುತ್ತೇನಲ್ಲ ಎಂಬ ಸಂಕಟ ಅವರನ್ನು ಒಳಗೇ ತಿನ್ನುತ್ತಿತ್ತು. ಆಪರೇಷನ್ನಿನ ದಿನ ಅವರು ಕೆರೆಯ ಏರಿಯ ಮೇಲಿದ್ದರು.

ಅದಾದ ನಾಲ್ಕನೆಯ ಬೆಳಗ್ಗೆ ನಾನೂ, ಹಕ್ಕಿ ಎಣಿಕೆಗೆ ಬಂದಿದ್ದ ಅರ್ಪಿತಾ ಎಂಬ ವಿದ್ಯಾರ್ಥಿನಿಯೂ ಅವರ ಪಕ್ಕದಲ್ಲಿದ್ದೆವು. ಅವರ ಪಾಲಿಗೆ ಕೆರೆಯೆಂಬುದು ಬರೀ ಮಜ್ಜಿಗೆಯಂಥ ಬೆಳಕಾಗಿತ್ತು. ಕೋಟಿನ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡು ಕಿವಿಗೊಟ್ಟು ನಿಂತಿದ್ದರು. ಇದ್ದಕ್ಕಿದ್ದಂತೆ ನೀರು ಸದ್ದುಮಾಡಿತು. ಕೂಗುತ್ತ ಮೇಲೆದ್ದ ಹಿಂಡು ನಮ್ಮ ನೆತ್ತಿಯ ಮೇಲೊಂದು ಸುತ್ತು ಬಂದು ಮಂಜಿನಲ್ಲಿ ಕರಗಿತು.

ಅರ್ಪಿತಾ ದುರ್ಬೀನು ಇಳಿಸಿ, "ಯಾವ ಕಡೆ ಹೋದ್ವು ತಾತ? ಕಾಣ್ತಾನೇ ಇಲ್ಲ" ಎಂದಳು.

ಜವರಯ್ಯನವರು ಕೈಯೆತ್ತಿದರು. ಮಡಿಸಿದ ಬೆರಳು ಮೆಲ್ಲಗೆ ಬಿಚ್ಚಿಕೊಂಡು, ಬಡಗಣ ದಿಕ್ಕಿಗೆ ನೆಟ್ಟಗಾಯಿತು. ಮಂಜು ಹರಿದಾಗ ಹಿಂಡು ಆ ಬೆರಳ ತುದಿಯಲ್ಲೇ ಇತ್ತು.

"ಓಯ್ತಾ ಅವೆ ಕಣವ್ವ. ಓಗೋರ್ಗೆ ದಿಷ್ಟಿ ಆಗಾಕಿಲ್ಲ" ಎಂದರು.

ಹಿಂದೆ ನಕ್ಕಿದ್ದನ್ನು ನೆನೆದು ನನಗೆ ನಾಚಿಕೆಯಾಯಿತು. ಹಕ್ಕಿ ನೋಡುವ ನಾವು ಕಂಡದ್ದನ್ನು ಪುಸ್ತಕದಲ್ಲಿ ಬರೆದುಕೊಂಡು ಮನೆಗೆ ಹೋಗುತ್ತೇವೆ. ಕೆರೆ ಕಾಯುವವರ ರೀತಿಯೇ ಬೇರೆ. ಬಂದವರು ತಮ್ಮ ಕಣ್ಣಿಗೆ ಬಿದ್ದರೂ ಬೀಳದಿದ್ದರೂ, ಅವರು ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಾರೆ.