ಕುಂಟ ಹಾರಿದ ಗೋಡೆ

ನಮ್ಮ ಪತ್ರಿಕೆಯಲ್ಲಿ ಒಂದು ಪದ್ಧತಿಯಿದೆ. ಸಂಜೆಯಾದರೆ ಪೊಲೀಸ್ ಠಾಣೆಯಿಂದ ಫೋನ್ ಬರುತ್ತದೆ. ಅಲ್ಲಿ ದಾಖಲೆ ಬರೆಯುವ ರೈಟರ್ ಹೇಳುತ್ತಾನೆ, ನಮ್ಮ ವರದಿಗಾರ ಬರೆದುಕೊಳ್ಳುತ್ತಾನೆ. ಹೋಗಿ ನೋಡುವುದು, ನಾಲ್ಕು ಜನರನ್ನು ಕೇಳುವುದು? ಉಹುಂ, ಇಲ್ಲವೇ ಇಲ್ಲ. ಅವರು ಉಗುಳಿದ್ದನ್ನು ನಾವು ಅಚ್ಚು ಹಾಕುತ್ತೇವೆ. ಅದರ ಪ್ರೂಫ್ ನೋಡುವುದು ನನ್ನ ಕೆಲಸ.

ಠಾಣೆಗೆ ನೂರು ವರ್ಷ ತುಂಬುತ್ತದೆಂದು ಸಂಪಾದಕರು ವಿಶೇಷ ಪುರವಣಿ ತರಲು ಹೊರಟರು. ನಮ್ಮ ಹಳೆಯ ಸಂಚಿಕೆಗಳಿಂದ ಸುದ್ದಿ ಹೆಕ್ಕಿ ಪೊಲೀಸರ ಇತಿಹಾಸ ಕಟ್ಟುವುದಂತೆ. ಪ್ರೂಫ್ ನನ್ನ ಮೇಜಿಗೆ ಬಂತು. ಮೂರನೆಯ ಪುಟದಲ್ಲಿ ನನ್ನ ದೊಡ್ಡಪ್ಪ ಇದ್ದರು: 'ಠಾಣೆಯ ಹಿಂಗೋಡೆ ಹಾರಿ ಪರಾರಿಯಾಗಲು ಹೋಗಿ, ಬಿದ್ದು ಸತ್ತ ಕುಖ್ಯಾತ ಕಳ್ಳ.'

ಥೂ ಇವರ! ದೊಡ್ಡಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಹುಟ್ಟಿನಿಂದಲೇ ಎಡಗಾಲು ಸ್ವಾಧೀನದಲ್ಲಿರಲಿಲ್ಲ. ಅಂಗಡಿಯ ಮೆಟ್ಟಿಲು ಹತ್ತಲು ದೊಡ್ಡಮ್ಮನ ಹೆಗಲು ಬೇಕಿತ್ತು. ಆ ಮನುಷ್ಯ ಆಳೆತ್ತರದ ಗೋಡೆ ಹಾರಿದರಂತೆ! ಚಿನ್ನದಂಗಡಿಯ ಕಳವಿನ ವಿಚಾರಣೆಗೆಂದು ಕರೆದೊಯ್ದ ಪೊಲೀಸರು ಮರುದಿನ ಹೆಣ ಕೊಟ್ಟರು. ನಿಜವಾದ ಕಳ್ಳ ಆಮೇಲೆ ಸಿಕ್ಕಿದ. ಅದನ್ನು ಹೇಳಲು ಠಾಣೆಯಿಂದ ಫೋನ್ ಬರಲಿಲ್ಲ, ಆದ್ದರಿಂದ ನಮ್ಮಲ್ಲಿ ಅಚ್ಚೂ ಆಗಲಿಲ್ಲ.

ಪ್ರೂಫ್ ಹಿಡಿದು ಸಂಪಾದಕರ ಕೋಣೆಗೆ ನುಗ್ಗಿದೆ.

"ಇದನ್ನ ತೆಗೀರಿ ಸಾರ್. ಶುದ್ಧ ಸುಳ್ಳು."

ಅವರು ಹಲ್ಲುಕಡ್ಡಿ ಆಡಿಸುತ್ತಾ ಕೂತಿದ್ದರು. "ನೀನು ಹೇಳಿದ ತಕ್ಷಣ ತೆಗೆಯೋಕಾಗುತ್ತೇನಮ್ಮ? ಪೊಲೀಸರು ಕೊಟ್ಟ ಸುದ್ದಿ ಅದು. ತಪ್ಪು ಅಂತ ಅವರೇ ಹೇಳಲಿ, ತೆಗೆಯೋಣ."

ದೊಡ್ಡಮ್ಮನಿಗೆ ವಿಷಯ ತಿಳಿಸಿದೆ. "ನಾನು ಕಣ್ಮುಚ್ಚೋದ್ರೊಳಗೆ ಆ ಒಂದು ಮಾತು ಅಳಿಸಿದ್ರೆ ಸಾಕು ಕಣೇ," ಎನ್ನುತ್ತಾ ಅವರು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

ಇಬ್ಬರೂ ಠಾಣೆಗೆ ಹೋದೆವು. ಹೊರಗೆ ಹೊಸ ಸುಣ್ಣ, ಒಳಗೆ ಅದೇ ಹಳೆಯ ಉಚ್ಚೆಯ ವಾಸನೆ. ಇನ್‌ಸ್ಪೆಕ್ಟರು ಕುರ್ಚಿ ಕೊಟ್ಟರು. ಬಾಯಲ್ಲಿ ಬೆಣ್ಣೆ.

"ಆ ಕಾಲದ ಕಡತ ಒಂದೂ ಉಳಿದಿಲ್ಲ ಅಜ್ಜಿ, ಎಲ್ಲಾ ಗೆದ್ದಲು ತಿಂದಿದೆ. ಆದ್ರೆ ಪೇಪರಲ್ಲೇ ಬಂದಿದೆಯಲ್ಲ? ಪೇಪರಿನವರು ಸುಳ್ಳು ಬರೀತಾರಾ?"

ಅವರನ್ನು ಕೇಳಿದರೆ ಇವರನ್ನು ತೋರಿಸುತ್ತಾರೆ, ಇವರನ್ನು ಕೇಳಿದರೆ ಅವರನ್ನು. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರೆ. ಇಲ್ಲಿ ಕಳ್ಳರು ಯಾರು, ನೀವೇ ಹೇಳಿ.

ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ದೊಡ್ಡಮ್ಮ ಎದ್ದು ನಿಂತು ಎರಡೂ ಕೈ ಮುಗಿದರು. "ದಮ್ಮಯ್ಯ, ಕಳ್ಳ ಅನ್ನೋದೊಂದು ತೆಗೆಸಿಬಿಡಿ. ಬೇರೇನೂ ಕೇಳಲ್ಲ."

ಪುರವಣಿಗೆಂದು ಚಿತ್ರ ತೆಗೆಯಲು ಬಂದಿದ್ದ ನಮ್ಮ ಫೋಟೋಗ್ರಾಫರ್ ಬಾಗಿಲಿನಿಂದಲೇ ಕ್ಯಾಮೆರಾ ಎತ್ತಿದ. ಇನ್‌ಸ್ಪೆಕ್ಟರು "ನೋಡೋಣ, ನೋಡೋಣ" ಎಂದು ನಕ್ಕರು.

ಪುರವಣಿ ಬಂತು. ಮೂರನೆಯ ಪುಟದಲ್ಲಿ ದೊಡ್ಡಪ್ಪ ಇನ್ನೂ ಗೋಡೆ ಹಾರುತ್ತಲೇ ಇದ್ದರು. ಕೊನೆಯ ಪುಟವನ್ನು ನನಗೆ ತೋರಿಸಿಯೇ ಇರಲಿಲ್ಲ. ಅಲ್ಲಿ ಬಣ್ಣದಲ್ಲಿ ಕೈಮುಗಿದ ದೊಡ್ಡಮ್ಮ, ಎದುರಿಗೆ ನಗುವ ಇನ್‌ಸ್ಪೆಕ್ಟರು. ಅಡಿಯಲ್ಲಿ, 'ಅಂದಿನ ಕಳ್ಳನ ಪತ್ನಿಯಿಂದಲೂ ಪೊಲೀಸರಿಗೆ ಕೃತಜ್ಞತೆ.'

"ಯಾರೋ ಹೇಳಿದ್ದು ನಿಂಗೆ ಇದನ್ನ?" ಎಂದು ವರದಿಗಾರನ ಮೇಲೆ ಹರಿಹಾಯ್ದೆ.

"ಠಾಣೆಯಿಂದ ಫೋನ್ ಬಂದಿತ್ತಲ್ಲ," ಎಂದ, ಏನೂ ಆಗದವನ ಹಾಗೆ.

ಆ ಪುಟ ಹಿಡಿದಿದ್ದ ಕೈಯನ್ನು ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದೆ. ಇಂಥವರ ಅನ್ನ ತಿನ್ನುತ್ತಿದ್ದೇನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ಮನೆಯಲ್ಲಿ ದೊಡ್ಡಮ್ಮ ಕನ್ನಡಕ ಏರಿಸಿ ನಿಧಾನವಾಗಿ ಓದಿದರು.

"ಇದನ್ನೂ ಎತ್ತಿಡ್ತಾರೇನೇ?"

"ಕಚೇರಿಯಲ್ಲಿ ಎಲ್ಲಾ ಸಂಚಿಕೆನೂ ಇಡ್ತಾರೆ ದೊಡ್ಡಮ್ಮ."

ಅವರು ಪುರವಣಿಯನ್ನು ಮಡಚಿ ನನ್ನ ಕೈಗೇ ವಾಪಸ್ ಕೊಟ್ಟರು.

"ಇಷ್ಟು ವರ್ಷ ಅವರ ಹತ್ರ ಸಾಕ್ಷಿ ಇರಲಿಲ್ಲ ಕಣೇ. ಈಗ ನನ್ನನ್ನೇ ಸಾಕ್ಷಿ ಮಾಡ್ಕೊಂಡ್ರು."